ಆಕಾಶಕ್ಕೂ ಬೇಕು ಬಾಂದುಕಲ್ಲು: 'ಹಾರುವ ತಟ್ಟೆ'ಯ ಚಿತ್ರಗಳು ಸಾಕ್ಷ್ಯವಾಗುವುದು ಯಾವಾಗ?

ಬೈಲಹೊಂಗಲ: ಹೊಲದ ಬದುವಿಗಾಗಿ ಅಣ್ಣ-ತಮ್ಮಂದಿರ ನಡುವೆ ವ್ಯಾಜ್ಯ ಹುಟ್ಟಿದಾಗ ಬೈಲಹೊಂಗಲ, ಸವದತ್ತಿ, ರಾಮದುರ್ಗದ ನ್ಯಾಯಾಲಯಗಳಲ್ಲಿ ಎದುರಾಗುವ ಮೊದಲ ಪ್ರಶ್ನೆ, ಬಾಂದುಕಲ್ಲು ಎಲ್ಲಿದೆ ಎಂಬುದು. ಮೊಬೈಲಿನಲ್ಲಿ ತೆಗೆದ ಹತ್ತು ಚಿತ್ರಗಳನ್ನು ಮುಂದಿಟ್ಟರೂ ಅಳತೆಯ ಗುರುತಿಲ್ಲದಿದ್ದರೆ ಅವುಗಳಿಂದ ಗಡಿ ತೀರ್ಮಾನವಾಗದು. ಆ ಚಿತ್ರಗಳಾದರೂ ಸುಮ್ಮನೆ ಸಾಕ್ಷ್ಯವಾಗುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಮೊಬೈಲಿನ ಕಡತದೊಂದಿಗೆ ಪ್ರಮಾಣಪತ್ರ ಬೇಕು. ಯಾವ ಸಾಧನದಿಂದ ಬಂತು ಎಂಬ ವಿವರ ಬೇಕು. ಕಡತ ಬದಲಾಗಿಲ್ಲವೆಂದು ತೋರಿಸುವ 'ಹ್ಯಾಶ್' ಸಂಖ್ಯೆ ಬೇಕು.

ಆದರೆ ಅದೇ ಮೊಬೈಲಿಗೆ ಆಕಾಶದ ಒಂದು ಬೆಳಕಿನ ಚಿತ್ರ ಬಂದು ಬಿದ್ದಾಗ ಈ ಎಚ್ಚರವೆಲ್ಲ ಮರೆತುಹೋಗುತ್ತದೆ. ಕಪ್ಪು ಹಿನ್ನೆಲೆ, ನಡುವೆ ಬಿಳಿಯ ಅಥವಾ ಕೆಂಪು ಚುಕ್ಕೆ, ಕೆಳಗೆ ಒಂದು ಊರಿನ ಹೆಸರು. ಇಷ್ಟಿದ್ದರೆ 'ಹಾರುವ ತಟ್ಟೆ ಪ್ರತ್ಯಕ್ಷ' ಎಂಬ ಶೀರ್ಷಿಕೆ ಸಿದ್ಧ. ತೆಗೆದವರು ಯಾರು, ಯಾವ ಹೊತ್ತಿನಲ್ಲಿ, ಯಾವ ದಿಕ್ಕಿಗೆ ಮುಖಮಾಡಿ ಎಂದು ಕೇಳುವವರು ವಿರಳ. ಅರ್ಧ ಎಕರೆ ಭೂಮಿಗೆ ಕೇಳುವಷ್ಟು ಸಾಕ್ಷ್ಯವನ್ನು ಇಡೀ ಆಕಾಶದ ವಿಚಾರದಲ್ಲಿ ಕೇಳದಿರುವುದು ವಿಪರ್ಯಾಸ.

ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ರಾತ್ರಿಯ ಆಕಾಶ ಇಂದು ಹಿಂದಿನಂತೆ ಖಾಲಿಯಾಗಿಲ್ಲ. ಸವದತ್ತಿ ಸುತ್ತಲಿನ ಗುಡ್ಡಗಳಲ್ಲಿ ಪವನ ವಿದ್ಯುತ್ ಗೋಪುರಗಳ ಕೆಂಪು ದೀಪಗಳು ಮಿನುಗುತ್ತವೆ. ಬೆಳಗಾವಿಯ ಸಾಂಬ್ರಾ ಮತ್ತು ಹುಬ್ಬಳ್ಳಿಯ ನಿಲ್ದಾಣಗಳ ವಿಮಾನಗಳು ಓಡಾಡುತ್ತವೆ. ಮದುವೆಯ ಮೆರವಣಿಗೆಯಲ್ಲಿ ಡ್ರೋನ್ ಇರುತ್ತದೆ, ಹೊಲಕ್ಕೆ ಔಷಧ ಸಿಂಪಡಿಸಲೂ ಡ್ರೋನ್ ಬಂದಿದೆ. ಅದಕ್ಕೂ ಮೇಲೆ ಉಪಗ್ರಹಗಳ ಸಾಲು. ಇಂತಹ ಆಕಾಶದಲ್ಲಿ ಅಪರಿಚಿತ ಬೆಳಕು ಕಾಣುವುದು ಅಚ್ಚರಿಯಲ್ಲ. ಕಂಡಾಗ ಏನು ಮಾಡಬೇಕು ಎಂಬುದೇ ಈಗ ಉಳಿದಿರುವ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಕರ್ನಾಟಕದಲ್ಲಿಯೂ ಅಕ್ಕಪಕ್ಕದಲ್ಲಿಯೂ ನಡೆದ ಕೆಲವು ಘಟನೆಗಳನ್ನು ನೋಡಬೇಕು.

ಜಲಸಂಗಿಯ ಮನೆಯ ಮೇಲೆ ಬಿದ್ದದ್ದು

2025ರ ಜನವರಿ 18ರ ಬೆಳಿಗ್ಗೆ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದ ಮನೆಯೊಂದರ ಮೇಲೆ ಭಾರಿ ಗಾತ್ರದ ಬಲೂನು ಬಂದು ಬಿತ್ತು. ಅದರೊಂದಿಗೆ ಯಂತ್ರಗಳಿದ್ದ ಪೆಟ್ಟಿಗೆ, ಮಿನುಗುವ ದೀಪ. ಜನ ಗಾಬರಿಯಾದರು, ಮೊಬೈಲುಗಳು ಹೊರಬಂದವು, ಚಿತ್ರಗಳು ಹರಿದಾಡಿದವು. ಆದರೆ ಪೆಟ್ಟಿಗೆಯ ಜೊತೆಗೆ ಕನ್ನಡದಲ್ಲಿ ಬರೆದ ಪತ್ರವೂ ಇತ್ತು. ಅದು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಹಾರಿಬಿಟ್ಟ ಸಂಶೋಧನಾ ಬಲೂನು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಅದಕ್ಕೂ ಎರಡು ವರ್ಷ ಮೊದಲು, 2022ರ ಡಿಸೆಂಬರ್ 7ರಂದು, ಕಲಬುರಗಿ ಜಿಲ್ಲೆಗೆ ಹೊಂದಿಕೊಂಡಿರುವ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಮೊಗಿಲಿಗುಂಡ್ಲ ಗ್ರಾಮದ ಹೊಲದಲ್ಲಿ ಮೊಟ್ಟೆಯಾಕಾರದ ದೊಡ್ಡ ಕೋಶವೊಂದು ಇಳಿಯಿತು. ಅನ್ಯಗ್ರಹದ ನೌಕೆಯೇ ಇಳಿದಿದೆ ಎಂದು ಸುತ್ತಲಿನ ಹಳ್ಳಿಗಳ ಜನ ಜಮಾಯಿಸಿದರು. ಅದು ಸ್ಪೇನ್ ದೇಶದ ಹ್ಯಾಲೋ ಸ್ಪೇಸ್ ಎಂಬ ಕಂಪನಿ ಪ್ರವಾಸಿಗರನ್ನು ಎತ್ತರಕ್ಕೆ ಕರೆದೊಯ್ಯುವ ಉದ್ದೇಶದಿಂದ ಪರೀಕ್ಷಿಸುತ್ತಿದ್ದ ಕೋಶವಾಗಿತ್ತು. ಹಾರಿಸಿದ್ದು ಅದೇ ಹೈದರಾಬಾದ್ ಕೇಂದ್ರ.

ಈ ಬಲೂನುಗಳ ಲೆಕ್ಕ ತಿಳಿದರೆ 'ಹಾರುವ ತಟ್ಟೆ'ಯ ಅರ್ಧ ಕಥೆ ತಿಳಿದಂತೆ. ತೆಳುವಾದ ಪಾಲಿಥೀನ್‌ನಿಂದ ಮಾಡಿದ, ಜಲಜನಕ ತುಂಬಿದ ಇವುಗಳ ವ್ಯಾಸ 50ರಿಂದ 85 ಮೀಟರ್. ಏರುವ ಎತ್ತರ 30ರಿಂದ 42 ಕಿ.ಮೀ. ಹಾರಿಸುವುದು ಸಾಮಾನ್ಯವಾಗಿ ರಾತ್ರಿ 8 ಗಂಟೆಯಿಂದ ಬೆಳಗಿನ ಆರೂವರೆಯ ನಡುವೆ. ಕೆಲಸ ಮುಗಿದ ಮೇಲೆ ಉಪಕರಣಗಳು ಪ್ಯಾರಾಚೂಟಿನ ನೆರವಿನಿಂದ ಹೈದರಾಬಾದಿನಿಂದ 200ರಿಂದ 350 ಕಿ.ಮೀ. ದೂರದವರೆಗೂ ಬಂದು ಇಳಿಯಬಹುದು. ಮೂವತ್ತು ಕಿ.ಮೀ. ಎತ್ತರದಲ್ಲಿರುವ ವಸ್ತುವಿಗೆ ಸೂರ್ಯನ ಬೆಳಕು ನೆಲಕ್ಕಿಂತ ಸುಮಾರು 20 ನಿಮಿಷ ಮೊದಲೇ ತಲುಪುತ್ತದೆ. ಕೆಳಗೆ ಇನ್ನೂ ಮಬ್ಬುಗತ್ತಲಿರುವಾಗ ಮೇಲೆ ಅದು ಬೆಳ್ಳಗೆ ಹೊಳೆಯುತ್ತದೆ. ಐವತ್ತು ಮೀಟರ್ ಅಗಲದ ಬಲೂನು ಅಷ್ಟು ಎತ್ತರದಲ್ಲಿ ನೆತ್ತಿಯ ಮೇಲಿದ್ದರೆ ಚಂದ್ರನ ಅಗಲದ ಐದನೇ ಒಂದು ಭಾಗದಷ್ಟು ಕಂಡೀತು. ಬರಿಗಣ್ಣಿಗೆ ಚುಕ್ಕೆ, ಮೊಬೈಲಿನ ಜೂಮಿಗೆ ತಟ್ಟೆ!

ಜಲಸಂಗಿಯಲ್ಲಿ ಗೊಂದಲ ಬೇಗ ಬಗೆಹರಿದದ್ದಕ್ಕೆ ಕಾರಣ ಚಿತ್ರವಲ್ಲ, ಪತ್ರ. ಜನರ ಭಾಷೆಯಲ್ಲಿ ಬರೆದ ಕೆಲವು ಸಾಲುಗಳು ನೂರಾರು ಚಿತ್ರಗಳು ಮಾಡಲಾರದ ಕೆಲಸವನ್ನು ಮಾಡಿದವು ಎಂಬುದು ಗಮನಾರ್ಹ.

ಯೋಧರ ಕಣ್ಣಿಗೂ ಮೋಸ

ಹಳ್ಳಿಯವರು ಅಮಾಯಕರು, ಆದ್ದರಿಂದ ನಂಬುತ್ತಾರೆ ಎಂಬ ವಾದ ಇಂತಹ ಸಂದರ್ಭದಲ್ಲಿ ಕೇಳಿಬರುವುದುಂಟು. ಈ ವಾದ ನಿಲ್ಲುವಂಥದ್ದಲ್ಲ. ತರಬೇತಿ ಪಡೆದವರೂ ಮೋಸಹೋಗುತ್ತಾರೆ ಎನ್ನಲು ಲಡಾಖ್ ಪ್ರಕರಣವೇ ಸಾಕು.

2012ರ ಆಗಸ್ಟ್‌ನಿಂದ ಪ್ಯಾಂಗಾಂಗ್ ಸರೋವರದ ಬಳಿಯ ಥಾಕುಂಗ್ ಮೊದಲಾದ ಠಾಣೆಗಳಲ್ಲಿದ್ದ ಭಾರತ-ಟಿಬೆಟ್ ಗಡಿ ಪೊಲೀಸ್ ಪಡೆ ಹಾಗೂ ಸೇನೆಯ ಸಿಬ್ಬಂದಿ ವಿಚಿತ್ರ ಬೆಳಕುಗಳ ಬಗ್ಗೆ ವರದಿ ಕಳುಹಿಸತೊಡಗಿದರು. ಹಳದಿ ಬಣ್ಣದ ಗೋಳಗಳು ಚೀನಾದ ಕಡೆಯ ದಿಗಂತದಿಂದ ಮೇಲೆದ್ದು, ಮೂರರಿಂದ ಐದು ಗಂಟೆಗಳ ಕಾಲ ನಿಧಾನವಾಗಿ ಆಕಾಶವನ್ನು ದಾಟಿ ಮರೆಯಾಗುತ್ತಿದ್ದವು. ಆರು ತಿಂಗಳಲ್ಲಿ ಇಂತಹ 329 ದಾಖಲೆಗಳಾದವು. ಈ ಪೈಕಿ 155 ಸಂದರ್ಭಗಳಲ್ಲಿ ವಾಸ್ತವ ನಿಯಂತ್ರಣ ರೇಖೆಯನ್ನೇ ದಾಟಿ ಬಂದಿವೆ ಎಂದು ಲೆಕ್ಕ ಹಾಕಲಾಯಿತು. ರಾಡಾರ್ ತರಿಸಿ ನೋಡಿದರೆ ಅದರಲ್ಲಿ ಏನೂ ಕಾಣಲಿಲ್ಲ. ಚೀನಾದ ಬೇಹುಗಾರಿಕೆ ಡ್ರೋನ್‌ಗಳು ಎಂಬ ಶಂಕೆ ಬಲವಾಯಿತು. ಹಾರುವ ತಟ್ಟೆಗಳೆಂಬ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು.

ಈ ಒಗಟು ಬಿಡಿಸಿದ್ದು ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಖಭೌತ ಸಂಸ್ಥೆ. ಲಡಾಖಿನ ಹಾನ್ಲೆಯಲ್ಲಿ ಈ ಸಂಸ್ಥೆಯದೇ ವೀಕ್ಷಣಾಲಯವಿದೆ. ಬೆಳಕಿನ ದಿಕ್ಕು, ದಿಗಂತದಿಂದ ಅದರ ಎತ್ತರ, ಕಂಡ ಸಮಯ ಇವನ್ನು ಹೊಂದಿಸಿ ನೋಡಿದಾಗ 2013ರಲ್ಲಿ ಹೊರಬಿದ್ದ ಉತ್ತರ ಸರಳವಾಗಿತ್ತು: ಅವು ಗುರು ಮತ್ತು ಶುಕ್ರ ಗ್ರಹಗಳು. ಆ ಅವಧಿಯಲ್ಲಿ ಶುಕ್ರ ಬೆಳಗಿನ ಜಾವ ಪೂರ್ವದಲ್ಲಿ ಉದಯಿಸುತ್ತಿತ್ತು. ಗುರು ರಾತ್ರಿ ಹೊತ್ತಿನಲ್ಲಿ ಪ್ರಖರವಾಗಿತ್ತು. ಎತ್ತರ ಪ್ರದೇಶದ ಶುಭ್ರ, ತೆಳುವಾದ ಗಾಳಿಯಲ್ಲಿ ಅವು ಇನ್ನೂ ಹೆಚ್ಚು ಹೊಳೆದವು. ರಾಡಾರ್‌ಗೆ ಸಿಗದಿದ್ದುದು ನಿಗೂಢ ಲೋಹದ ಕಾರಣಕ್ಕಲ್ಲ. ಆ ವಸ್ತುಗಳು ಕೋಟಿಗಟ್ಟಲೆ ಕಿ.ಮೀ. ದೂರದಲ್ಲಿದ್ದವು.

ಅದಕ್ಕೂ ಮೊದಲು, 2007ರ ಅಕ್ಟೋಬರ್ 29ರ ಬೆಳಗಿನ ಜಾವ ಕೋಲ್ಕತ್ತದಲ್ಲಿ ಪೂರ್ವ ದಿಕ್ಕಿನ ಬೆಳಕೊಂದನ್ನು ಕೈಕ್ಯಾಮೆರಾದಲ್ಲಿ ಚಿತ್ರೀಕರಿಸಲಾಗಿತ್ತು. ಗೋಳವಾಗಿ, ತ್ರಿಕೋನವಾಗಿ, ಗೆರೆಯಾಗಿ ರೂಪ ಬದಲಿಸುವ ಆ ದೃಶ್ಯ ದೂರದರ್ಶನ ವಾಹಿನಿಗಳಲ್ಲಿ ಪ್ರಸಾರವಾಗಿ ದೊಡ್ಡ ಸದ್ದು ಮಾಡಿತು. ಕೊನೆಗೆ ಅದೂ ಶುಕ್ರ ಗ್ರಹವೆಂದು ತಿಳಿಯಿತು. ಅದರ ಹಿಂದಿನ ದಿನವೇ ಶುಕ್ರ ಬೆಳಗಿನ ಆಕಾಶದಲ್ಲಿ ಸೂರ್ಯನಿಂದ ಅತಿ ಹೆಚ್ಚು ದೂರ ಸರಿದು ನಿಂತಿತ್ತು. ಪಂಚಾಂಗ ತೆರೆದು ನೋಡಿದ್ದರೂ ಸಾಕಿತ್ತು.

ಸುಳ್ಳಾಡದೆಯೂ ತಪ್ಪು ಹೇಳುವ ಕ್ಯಾಮೆರಾ

ಚಿತ್ರ ನಕಲಿಯೇ ಆಗಿರಬೇಕೆಂದಿಲ್ಲ. ಪ್ರಾಮಾಣಿಕ ವ್ಯಕ್ತಿ, ಸರಿಯಾದ ಕ್ಯಾಮೆರಾದಿಂದ, ಯಾವ ತಿದ್ದುಪಡಿಯೂ ಇಲ್ಲದೆ ತೆಗೆದ ಚಿತ್ರವೂ ತಪ್ಪು ಹೇಳಬಲ್ಲದು. ಅದರ ಕಾರಣಗಳು ನಾಲ್ಕು.

ಮೊದಲನೆಯದು ಫೋಕಸ್. ಕತ್ತಲಲ್ಲಿ ಒಂಟಿ ಬೆಳಕಿಗೆ ಮೊಬೈಲಿನ ಮಸೂರ ಹೊಂದಿಕೊಳ್ಳಲು ತಡಕಾಡುತ್ತದೆ. ಹೊಂದದಿದ್ದಾಗ ಚುಕ್ಕೆ ಉಬ್ಬಿ ತಟ್ಟೆಯಾಗುತ್ತದೆ. ಆ ತಟ್ಟೆಯ ಆಕಾರ ವಸ್ತುವಿನದಲ್ಲ, ಮಸೂರದ ಬಾಯಿಯದು. ಷಟ್ಕೋನ, ತ್ರಿಕೋನ ನೌಕೆಗಳು ಹೀಗೂ ಹುಟ್ಟುತ್ತವೆ.

ಎರಡನೆಯದು ಸಮಯ. ರಾತ್ರಿಯ ಚಿತ್ರಕ್ಕೆ ಮೊಬೈಲು ಹಲವು ಸೆಕೆಂಡುಗಳ ಬೆಳಕನ್ನು ಕೂಡಿಸುತ್ತದೆ. ಅಷ್ಟರಲ್ಲಿ ಕೈ ನಡುಗಿದರೆ ನಿಂತಿದ್ದ ನಕ್ಷತ್ರವೂ ಹಾವಿನಂತೆ ಗೆರೆಯಾಗುತ್ತದೆ. ಕೋಲ್ಕತ್ತದ ಶುಕ್ರ ಕುಣಿದದ್ದು ಹೀಗೆಯೇ.

ಮೂರನೆಯದು ಪ್ರತಿಫಲನ. ಚೌಕಟ್ಟಿನೊಳಗೆ ಬೀದಿದೀಪ ಅಥವಾ ಚಂದ್ರನಿದ್ದರೆ ಅದರ ಬೆಳಕು ಮಸೂರದೊಳಗೇ ಪುಟಿದು ಚಿತ್ರದ ಎದುರು ಮೂಲೆಯಲ್ಲಿ ಮಂಕಾದ ಪ್ರತಿಬಿಂಬ ಮೂಡಿಸುತ್ತದೆ. ದೀಪದಿಂದ ಚಿತ್ರದ ನಡುಬಿಂದುವಿನ ಮೂಲಕ ಗೆರೆ ಎಳೆದಾಗ ಅದು ಅಪರಿಚಿತ ವಸ್ತುವಿಗೆ ಮುಟ್ಟಿದರೆ ಮಸೂರವನ್ನೇ ಅನುಮಾನಿಸಬೇಕು. ತೆಗೆಯುವಾಗ ಬರಿಗಣ್ಣಿಗೆ ಏನೂ ಕಾಣಿಸಿರಲಿಲ್ಲ, ಆಮೇಲೆ ಚಿತ್ರದಲ್ಲಿ ಕಂಡಿತು ಎನ್ನುವ ಪ್ರಕರಣಗಳಲ್ಲಿ ಈ ಪರೀಕ್ಷೆ ಮೊದಲು ನಡೆಯಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ದೂರ. ದೂರ ತಿಳಿಯದೆ ಗಾತ್ರ ತಿಳಿಯದು. ಗಾತ್ರ, ದೂರ ಎರಡೂ ತಿಳಿಯದೆ ವೇಗ ತಿಳಿಯದು. 'ಮನೆಯಷ್ಟು ದೊಡ್ಡದಿತ್ತು, ಮಿಂಚಿನಂತೆ ಹೋಯಿತು' ಎಂಬ ಹೇಳಿಕೆಯಲ್ಲಿ ಮೂರೂ ಊಹೆ. ಅಮೆರಿಕದ ನೌಕಾಪಡೆಯ ವಿಮಾನವೊಂದು 2015ರಲ್ಲಿ ಸೆರೆಹಿಡಿದ, 2020ರ ಏಪ್ರಿಲ್‌ನಲ್ಲಿ ಪೆಂಟಗನ್ ಅಧಿಕೃತವಾಗಿ ಬಿಡುಗಡೆ ಮಾಡಿದ 'ಗೋ ಫಾಸ್ಟ್' ಎಂಬ ದೃಶ್ಯ ಇದಕ್ಕೆ ನಿದರ್ಶನ. ಸಮುದ್ರದ ಮೇಲ್ಮೈಗೆ ತಾಗುವಂತೆ ಅತಿವೇಗದಿಂದ ಧಾವಿಸುವ ವಸ್ತು ಅದರಲ್ಲಿ ಕಾಣುತ್ತದೆ. ಆದರೆ ಪರದೆಯ ಮೇಲಿದ್ದ ಅಂಕಿಗಳಿಂದಲೇ ಲೆಕ್ಕ ಹಾಕಿದ ನಾಸಾ ಸಮಿತಿ, ಆ ವಸ್ತು ಸುಮಾರು 13,000 ಅಡಿ ಎತ್ತರದಲ್ಲಿತ್ತು, ಅದರ ವೇಗ ಗಂಟೆಗೆ 65 ಕಿ.ಮೀ. ಆಸುಪಾಸಿನಲ್ಲಿತ್ತು ಎಂದು 2023ರಲ್ಲಿ ಹೇಳಿತು. ಗಾಳಿಯಲ್ಲಿ ತೇಲುವ ವಸ್ತುವಿಗೂ ಅಷ್ಟು ವೇಗವಿರಬಲ್ಲದು. ಓಡುತ್ತಿದ್ದದ್ದು ಮುಖ್ಯವಾಗಿ ಕ್ಯಾಮೆರಾ ಹೊತ್ತ ವಿಮಾನ. ಬಸ್ಸಿನ ಕಿಟಕಿಯಿಂದ ನೋಡುವಾಗ ರಸ್ತೆ ಬದಿಯ ಜಾಲಿಮರ ಹಿಂದಕ್ಕೆ ಓಡಿದಂತೆ ಕಾಣುವುದಿಲ್ಲವೇ? ಇದೂ ಹಾಗೆಯೇ.

ಗಮನಿಸಬೇಕಾದ ಸಂಗತಿಯೆಂದರೆ, ಆ ದೃಶ್ಯದ ಒಗಟು ಬಿಡಿಸಲು ನೆರವಾದದ್ದು ಚುಕ್ಕೆಯಲ್ಲ, ಚುಕ್ಕೆಯ ಸುತ್ತ ದಾಖಲಾಗಿದ್ದ ಎತ್ತರ, ಕೋನ, ದೂರದ ಅಂಕಿಗಳು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಹರಿದುಬರುವ ಚಿತ್ರಗಳಲ್ಲಿ ಮೂಲ ಕಡತದ ದಿನಾಂಕ, ಸ್ಥಳದಂತಹ ಮಾಹಿತಿ ಉದುರಿಹೋಗಿರುತ್ತದೆ. ಅಂದರೆ ಸಾಕ್ಷ್ಯಕ್ಕೆ ಬೇಕಾದುದು ಕಳೆದು, ಬೆರಗಿಗೆ ಬೇಕಾದುದು ಮಾತ್ರ ಉಳಿದಿರುತ್ತದೆ. ಕೃತಕ ಬುದ್ಧಿಮತ್ತೆಯಿಂದ ಕ್ಷಣದಲ್ಲಿ ಚಿತ್ರ ಸೃಷ್ಟಿಯಾಗುವ ಇಂದಿನ ದಿನಗಳಲ್ಲಿ ಅಂತಹ ಚಿತ್ರದ ಬೆಲೆ ಇನ್ನಷ್ಟು ಕುಸಿದಿದೆ.

ನಾಲ್ಕು ಊರು, ಒಂದು ಆಕಾಶ

ಹಾಗಾದರೆ ಸಾಮಾನ್ಯ ಜನ ಏನು ಮಾಡಬಹುದು? ಇದಕ್ಕೆ ದುಬಾರಿ ದೂರದರ್ಶಕ ಬೇಕಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇರುವ ರೀತಿಯೇ ಒಂದು ಅಳತೆಗೋಲು.

ಸವದತ್ತಿಯ ನೆತ್ತಿಯ ಮೇಲೆ ಒಂದು ಬೆಳಕು ಕಂಡಿತೆಂದು ಭಾವಿಸೋಣ. ಅದು ನೆಲದಿಂದ 120 ಮೀಟರ್ ಮೇಲಿರುವ ಡ್ರೋನ್ ಆಗಿದ್ದರೆ ನೇರ ಅಂತರದಲ್ಲಿ ಸುಮಾರು 40 ಕಿ.ಮೀ. ದೂರವಿರುವ ಕಿತ್ತೂರಿನವರಿಗೆ ಕಾಣುವ ಸಂಭವವೇ ಇಲ್ಲ. ಅದು 30 ಕಿ.ಮೀ. ಎತ್ತರದ ಬಲೂನು ಆಗಿದ್ದರೆ ನಾಲ್ಕೂ ಊರುಗಳಿಗೆ ಕಾಣುತ್ತದೆ, ಆದರೆ ಬೇರೆ ಬೇರೆ ದಿಕ್ಕುಗಳಲ್ಲಿ. ಬೈಲಹೊಂಗಲದವರು ಪೂರ್ವಕ್ಕೆ ನೋಡಬೇಕು, ರಾಮದುರ್ಗದವರು ನೈರುತ್ಯಕ್ಕೆ, ಕಿತ್ತೂರಿನವರು ಪೂರ್ವದಿಂದ ತುಸು ಈಶಾನ್ಯಕ್ಕೆ ಹೊರಳಬೇಕು. ದಿಗಂತದಿಂದ ಅದರ ಎತ್ತರವೂ ಕಿತ್ತೂರಿನಿಂದ 37 ಡಿಗ್ರಿಯಷ್ಟು, ರಾಮದುರ್ಗದಿಂದ 47 ಡಿಗ್ರಿಯಷ್ಟು ಇರುತ್ತದೆ. ಅದೇ ಶುಕ್ರ ಗ್ರಹವಾಗಿದ್ದರೆ? ನಾಲ್ಕೂ ಊರಿನವರು ಒಂದೇ ಹೊತ್ತಿಗೆ ಒಂದೇ ದಿಕ್ಕಿನಲ್ಲಿ, ಒಂದೇ ಎತ್ತರದಲ್ಲಿ ಕಾಣುತ್ತಾರೆ. ಪ್ರತಿಯೊಬ್ಬರೂ ಅದು 'ನಮ್ಮೂರ ಮೇಲೆಯೇ ಇತ್ತು' ಎನ್ನುತ್ತಾರೆ.

ಎರಡು ಊರುಗಳಿಂದ, ಒಂದೇ ನಿಮಿಷದಲ್ಲಿ, ದಿಕ್ಕು ಮತ್ತು ಎತ್ತರದ ಸಮೇತ ದಾಖಲಾದ ಎರಡು ಸಾಧಾರಣ ಚಿತ್ರಗಳು ಒಂದೇ ಊರಿನಿಂದ ಬಂದ ನೂರು ಸ್ಪಷ್ಟ ಚಿತ್ರಗಳಿಗಿಂತ ಹೆಚ್ಚು ಬೆಲೆಯುಳ್ಳವು. ಭೂಮಾಪನದವರಿಗೆ ಇದು ಹೊಸ ವಿದ್ಯೆಯಲ್ಲ. 1802ರಲ್ಲಿ ಮದರಾಸಿನಲ್ಲಿ ಅಡಿಗೆರೆ ಅಳೆದು ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಇಡೀ ದೇಶವನ್ನು ಅಳೆದದ್ದು ಇದೇ ತ್ರಿಕೋನದ ಲೆಕ್ಕದಿಂದ. ನಾಸಾ ಸಮಿತಿಯ 2023ರ ಸೆಪ್ಟೆಂಬರ್ 14ರ ವರದಿಯೂ ನಾಗರಿಕರ ಮೊಬೈಲುಗಳಿಂದ, ಹಲವು ಕಡೆಗಳಿಂದ, ಮೂಲ ಮಾಹಿತಿ ಸಮೇತ ದಾಖಲೆ ಕಲೆಹಾಕುವ ವ್ಯವಸ್ಥೆಯನ್ನು ಸೂಚಿಸಿದೆ. ಅದುವರೆಗಿನ ಪ್ರಕರಣಗಳಲ್ಲಿ ಅನ್ಯಗ್ರಹ ಮೂಲಕ್ಕೆ ಪುರಾವೆ ಕಂಡಿಲ್ಲವೆಂದ ಆ ಸಮಿತಿ, ಉತ್ತಮ ದತ್ತಾಂಶದ ಕೊರತೆಯೇ ದೊಡ್ಡ ಅಡ್ಡಿ ಎಂದು ಹೇಳಿತು.

ಇಲ್ಲಿ ಕಿತ್ತೂರನ್ನು ನೆನೆಯಬೇಕು. ರಾಣಿ ಚನ್ನಮ್ಮನ ಕೋಟೆಯ ಅರಮನೆಯ ಅವಶೇಷಗಳಲ್ಲಿ ಧ್ರುವ ನಕ್ಷತ್ರ ನೋಡಲೆಂದು ಇರಿಸಿದ ಕೊಳವೆಯಾಕಾರದ ರಂಧ್ರವನ್ನು ಪ್ರವಾಸಿಗರಿಗೆ ಇಂದಿಗೂ ತೋರಿಸಲಾಗುತ್ತದೆ. ಗೋಡೆ ಅಲುಗದು, ಕೊಳವೆ ಅಲುಗದು, ಧ್ರುವವೂ ಹೆಚ್ಚುಕಡಿಮೆ ಅಲುಗದು. ನೋಡುವವನ ಕಣ್ಣು ಅಲುಗಿದರೂ ನೋಟದ ದಾರಿ ನಿಶ್ಚಿತ. ಆಕಾಶಕ್ಕೆ ನೆಟ್ಟ ಬಾಂದುಕಲ್ಲು ಎಂದು ಇದನ್ನು ಕರೆಯಬಹುದು. ಕಿತ್ತೂರಿನ ಅಕ್ಷಾಂಶ ಸುಮಾರು 15.6 ಡಿಗ್ರಿ, ಆದ್ದರಿಂದ ಅಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ಕೈಯನ್ನು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಒಂದೂವರೆ ಮುಷ್ಟಿ. ಈ ಅಳತೆ ಕೈಯಲ್ಲಿದ್ದರೆ ಯಾವ ಬೆಳಕಿನ ಎತ್ತರವನ್ನೂ ಯಾರು ಬೇಕಾದರೂ ಬರೆದಿಡಬಹುದು.

ಚಿತ್ರ ತೆಗೆಯುವವರಿಗೂ ಇದೇ ಸೂತ್ರ. ಬೆಳಕನ್ನಷ್ಟೇ ಜೂಮ್ ಮಾಡದೆ ಗುಡಿಯ ಗೋಪುರ, ವಿದ್ಯುತ್ ಕಂಬ ಅಥವಾ ಗುಡ್ಡದ ಅಂಚು ಚೌಕಟ್ಟಿನಲ್ಲಿ ಬರುವಂತೆ ಹಿಡಿಯಬೇಕು. ಮೊಬೈಲನ್ನು ಗೋಡೆಗೆ ಒರಗಿಸಬೇಕು. ಹತ್ತು ನಿಮಿಷ ಬಿಟ್ಟು ಅದೇ ಜಾಗದಿಂದ ಮತ್ತೆ ತೆಗೆಯಬೇಕು. ಬೆಳಕು ನಕ್ಷತ್ರಗಳ ಜೊತೆಗೇ ಸರಿದಿದ್ದರೆ ಅದು ಆಕಾಶಕಾಯ. ಅಲ್ಲೇ ನಿಂತು ಮಿನುಗುತ್ತಿದ್ದರೆ ಗೋಪುರದ ದೀಪ. ನಿಮಿಷಗಳಲ್ಲಿ ಆಕಾಶ ದಾಟಿದರೆ ವಿಮಾನ ಅಥವಾ ಉಪಗ್ರಹ. ಸಾಲುಗಟ್ಟಿ ಹೋಗುವ ದೀಪಗಳು ಬಹುತೇಕ ಸ್ಟಾರ್‌ಲಿಂಕ್ ಉಪಗ್ರಹಗಳು. 2021ರ ಜೂನ್‌ನಲ್ಲಿ ಗುಜರಾತಿನ ಜುನಾಗಢದಲ್ಲಿ, ಡಿಸೆಂಬರ್‌ನಲ್ಲಿ ಪಂಜಾಬಿನ ಪಠಾಣ್‌ಕೋಟ್‌ನಲ್ಲಿ ಇಂತಹ ಸಾಲುಗಳನ್ನು ಕಂಡು ಜನ ಬೆರಗಾಗಿದ್ದರು. ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳುವುದು ಕೊನೆಯ, ಆದರೆ ಅತಿ ಮುಖ್ಯ ಹೆಜ್ಜೆ.

ವದಂತಿಗೆ ತೆರುವ ಬೆಲೆ

ಒಂದು ಬೆಳಕಿಗಾಗಿ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ, ಜನ ನಾಲ್ಕು ದಿನ ಮಾತಾಡಿ ಮರೆಯುತ್ತಾರಲ್ಲ ಎಂದು ಕೇಳಬಹುದು. ಯಾವಾಗಲೂ ಮರೆಯುವುದಿಲ್ಲ.

2025ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪಶ್ಚಿಮ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಬೆಳಕುಗಳು ಕಾಣುತ್ತಿವೆ, ಕಳ್ಳರು ಡ್ರೋನ್ ಬಿಟ್ಟು ಮನೆಗಳನ್ನು ಗುರುತು ಹಾಕುತ್ತಿದ್ದಾರೆ ಎಂಬ ವದಂತಿ ಹಬ್ಬಿತು. ಮೊಬೈಲುಗಳಲ್ಲಿ ಮಸುಕು ದೃಶ್ಯಗಳು ಹರಿದಾಡಿದವು. ಜನ ದೊಣ್ಣೆ ಹಿಡಿದು ರಾತ್ರಿಯಿಡೀ ಕಾವಲು ಕಾದರು. ಅಪರಿಚಿತರ ಮೇಲೆ ಹಲ್ಲೆಗಳಾದವು. ಈ ವದಂತಿ ರಾಜ್ಯದ ಇತರೆಡೆಗೂ ಹಬ್ಬಿದ್ದ ಕಾಲದಲ್ಲಿಯೇ, ಅಕ್ಟೋಬರ್ ಆರಂಭದಲ್ಲಿ, ರಾಯ್‌ಬರೇಲಿ ಜಿಲ್ಲೆಯಲ್ಲಿ ಕಳ್ಳನೆಂಬ ಶಂಕೆಯಿಂದ ಒಬ್ಬ ದಲಿತ ವ್ಯಕ್ತಿಯನ್ನು ಗುಂಪು ಹೊಡೆದು ಕೊಂದಿತು. ಆಕಾಶದ ಚುಕ್ಕೆಯಿಂದ ಆರಂಭವಾದ ಭೀತಿ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಇದು ತೋರಿಸುತ್ತದೆ.

ಕರ್ನಾಟಕವೂ ಇಂತಹ ಬೆಲೆ ತೆತ್ತಿದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ದೇಶಾದ್ಯಂತ ಹಬ್ಬಿದಾಗ ಹರಿದಾಡಿದ ಒಂದು ದೃಶ್ಯದಲ್ಲಿ ಬೈಕ್ ಸವಾರರು ಮಗುವನ್ನು ಎತ್ತಿಕೊಂಡು ಹೋಗುವುದು ಕಾಣುತ್ತಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ತಯಾರಿಸಿದ ಚಿತ್ರ. ಮೂಲದಲ್ಲಿ ಸವಾರರು ಮಗುವನ್ನು ಮರಳಿ ಬಿಟ್ಟು ಸಂದೇಶದ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ಅದೇ ವರ್ಷ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊರರಾಜ್ಯದ ಕಾರ್ಮಿಕನೊಬ್ಬ, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಗುಂಪಿನ ಹಲ್ಲೆಗೆ ಬಲಿಯಾದರು. ಮುರ್ಕಿಯಲ್ಲಿ ಕಾರಿನಲ್ಲಿ ಬಂದವರು ಮಕ್ಕಳ ಕಳ್ಳರೆಂಬ ಸಂದೇಶ ಅವರಿಗಿಂತ ಮುಂದಾಗಿ ಮೊಬೈಲುಗಳಲ್ಲಿ ಓಡಿತ್ತು.

ಮುರ್ಕಿ ಮತ್ತು ಜಲಸಂಗಿ ಒಂದೇ ಜಿಲ್ಲೆಯ ಊರುಗಳು. ಒಂದು ಕಡೆ ಚಿತ್ರ, ಸಂದೇಶಗಳನ್ನು ಪ್ರಶ್ನಿಸದೆ ನಂಬಿದ್ದರಿಂದ ಪ್ರಾಣ ಹೋಯಿತು. ಇನ್ನೊಂದು ಕಡೆ ಅರ್ಥವಾಗುವ ಭಾಷೆಯಲ್ಲಿ ವಿವರಣೆ ಸಿಕ್ಕಿದ್ದರಿಂದ ಗಾಬರಿ ಅಲ್ಲಿಗೇ ಇಳಿಯಿತು. ಜನ ಬೇರೆಯಾಗಿರಲಿಲ್ಲ, ದೊರೆತ ಮಾಹಿತಿ ಬೇರೆಯಾಗಿತ್ತು.

ನಗೆಯೂ ಬೇಡ, ಬೆರಗೂ ಬೇಡ

ಹಾಗೆಂದು ಆಕಾಶದಲ್ಲಿ ಏನೋ ಕಂಡೆನೆಂದವರನ್ನು ಗೇಲಿ ಮಾಡುವುದೂ ಸಲ್ಲದು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶಗಳ ಮೇಲೆ ಉರಿಯುತ್ತ ಸಾಗಿದ ಬೆಳಕಿನ ಗೆರೆಗಳನ್ನು ಸಾವಿರಾರು ಜನ ಚಿತ್ರೀಕರಿಸಿದರು. ಆ ರಾತ್ರಿಯೇ ಚಂದ್ರಾಪುರ ಜಿಲ್ಲೆಯ ಲಾಡ್ಬೋರಿ ಗ್ರಾಮದಲ್ಲಿ ಸುಮಾರು ಮೂರು ಮೀಟರ್ ವ್ಯಾಸದ ಲೋಹದ ಬಳೆ ಬಿದ್ದದ್ದು ಪತ್ತೆಯಾಯಿತು. ಅದು ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಅವಶೇಷ ಎಂದು ತಜ್ಞರು ಗುರುತಿಸಿದರು. ನಗೆಪಾಟಲಾಗುವ ಭಯದಿಂದ ಜನ ಬಾಯಿ ಮುಚ್ಚಿದರೆ ಇಂತಹ ನಿಜವಾದ ಅಪಾಯಗಳೂ ದಾಖಲಾಗದೆ ಹೋಗುತ್ತವೆ.

ಎಲ್ಲ ಪ್ರಕರಣಗಳಿಗೂ ಉತ್ತರ ಸಿಕ್ಕಿದೆ ಎಂದೂ ಹೇಳಲಾಗದು. 1969ರಲ್ಲಿ ಮುಚ್ಚಿದ ಅಮೆರಿಕ ವಾಯುಪಡೆಯ 'ಬ್ಲೂ ಬುಕ್' ಯೋಜನೆ ಪರಿಶೀಲಿಸಿದ 12,618 ವರದಿಗಳಲ್ಲಿ 701 ಗುರುತಿಸಲಾಗದೆ ಉಳಿದವು. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಅಪರಿಚಿತ ವಸ್ತು ಕಂಡಿತೆಂದು ಕೆಲ ಗಂಟೆ ವಿಮಾನ ಸಂಚಾರ ನಿಲ್ಲಿಸಲಾಯಿತು; ಹುಡುಕಲು ಹೋದ ಯುದ್ಧವಿಮಾನಗಳಿಗೆ ಏನೂ ಸಿಗಲಿಲ್ಲ. ಆದರೆ 'ಗೊತ್ತಾಗಿಲ್ಲ' ಎಂಬುದು ಒಂದು ಸ್ಥಿತಿ, 'ಅನ್ಯಗ್ರಹದವರು' ಎಂಬುದು ಒಂದು ತೀರ್ಪು. ಬಾಂದುಕಲ್ಲು ಸಿಗದ ಹೊಲವನ್ನು ನ್ಯಾಯಾಲಯ ಮೂರನೆಯವನಿಗೆ ಬರೆದುಕೊಡುವುದಿಲ್ಲ.

ಈ ವಿಷಯದಲ್ಲಿ ಸಂಸ್ಥೆಗಳ ಹೊಣೆಯೂ ಇದೆ. ಬಲೂನು ಹಾರಿಸುವಾಗ ಪೆಟ್ಟಿಗೆಯೊಳಗೆ ಇಡುವ ಕನ್ನಡದ ಪತ್ರದ ಸಾರವನ್ನು ಹಾರಿಸುವ ಮೊದಲೇ ಗ್ರಾಮ ಪಂಚಾಯಿತಿಗಳಿಗೆ, ಪೊಲೀಸ್ ಠಾಣೆಗಳಿಗೆ ತಲುಪಿಸಿದರೆ ಗಾಬರಿ ಹುಟ್ಟುವುದೇ ಇಲ್ಲ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ ಈ ನಾಲ್ಕು ತಾಲ್ಲೂಕುಗಳಿಗೆ ದೂರವೇನಲ್ಲ. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರ ಮೂಲಕ ಊರಿಗೊಂದು ವೀಕ್ಷಣಾ ವಹಿ ಇಡಿಸುವುದು ಖರ್ಚಿನ ಕೆಲಸವಲ್ಲ. ಮಾಧ್ಯಮಗಳಂತೂ ಸಮಯ, ಸ್ಥಳ, ದಿಕ್ಕು ಈ ಮೂರೂ ಇಲ್ಲದ ಚಿತ್ರವನ್ನು ಸುದ್ದಿ ಎಂದು ಪ್ರಕಟಿಸುವ ಮೊದಲು ಎರಡು ಬಾರಿ ಯೋಚಿಸಬೇಕು.

ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಹಿರಿಯರು ಬೆಳ್ಳಿಚುಕ್ಕೆ ಮೂಡಿದ್ದನ್ನು ನೋಡಿ ಎತ್ತು ಹೂಡುವ ಹೊತ್ತನ್ನು ತಿಳಿಯುತ್ತಿದ್ದರು. ಆ ಬೆಳ್ಳಿಚುಕ್ಕೆಯೇ ಶುಕ್ರ. ಲಡಾಖಿನಲ್ಲಿ ಡ್ರೋನ್ ಎನಿಸಿಕೊಂಡದ್ದೂ, ಕೋಲ್ಕತ್ತದಲ್ಲಿ ಹಾರುವ ತಟ್ಟೆ ಎನಿಸಿಕೊಂಡದ್ದೂ ಅದೇ. ಆ ಹಿರಿಯರ ಬಳಿ ಕ್ಯಾಮೆರಾ ಇರಲಿಲ್ಲ. ಅದು ಯಾವ ತಿಂಗಳು, ಯಾವ ದಿಕ್ಕಿಗೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಗೊತ್ತಿತ್ತು. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ಅದರ ಜೊತೆಗೆ ಆ ಮೂರು ವಿವರಗಳನ್ನೂ ಬರೆದಿಡುವ ರೂಢಿ ಬಂದರೆ ಮುಂದಿನ ಬಾರಿ ಸವದತ್ತಿಯ ಮೇಲೋ ರಾಮದುರ್ಗದ ಮೇಲೋ ಬೆಳಕು ಕಂಡಾಗ ಉತ್ತರ ಹುಡುಕಲು ಆರು ತಿಂಗಳು ಬೇಕಾಗಲಿಕ್ಕಿಲ್ಲ.